ಹೊಣೆಯ ಪಾಠ ಅಕ್ಕಿಯ ಸಾಲಿನಲ್ಲಿ ನಿಂತವರಿಗೆ ಮಾತ್ರವೇ? ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೆ,

ಕಾಫಿ ಹಣ್ಣಿನ ಕುಯ್ಲು ಶುರುವಾಗುವ ಹೊತ್ತಿಗೆ ನಮ್ಮ ಎರಡೂ ಜಿಲ್ಲೆಗಳ ಮಲೆನಾಡು ಭಾಗದಲ್ಲಿ ವರ್ಷವರ್ಷವೂ ಒಂದೇ ದೂರು ಕೇಳಿಬರುತ್ತದೆ. ಬಿಟ್ಟಿ ಅಕ್ಕಿ ಕೊಟ್ಟು ಜನರನ್ನು ಸೋಮಾರಿಗಳನ್ನಾಗಿ ಮಾಡಿದರು, ಮನೆಯೊಡತಿಗೆ ತಿಂಗಳಿಗೆ ಎರಡು ಸಾವಿರ ಹಾಕಿ ಅವಳನ್ನು ಮನೆಯಲ್ಲೇ ಕೂರಿಸಿದರು, ಆಳು ಸಿಗುತ್ತಿಲ್ಲ, ಹಣ್ಣು ಗಿಡದಲ್ಲೇ ಒಣಗಿ ಉದುರುತ್ತಿದೆ ಎನ್ನುತ್ತಾರೆ. ಸಕಲೇಶಪುರ, ಬೇಲೂರು, ಮೂಡಿಗೆರೆ, ಆಲ್ದೂರು ಕಡೆಯ ಸಭೆಗಳಲ್ಲಿ ಇದನ್ನು ವೇದಿಕೆಯ ಮೇಲಿಂದಲೇ ಹೇಳುವುದುಂಟು. ಕುಯ್ಲಿನ ಮೂರು ತಿಂಗಳು ಪಡಿತರ ನಿಲ್ಲಿಸಿ ನೋಡಿ, ಎಲ್ಲರೂ ತಾವಾಗಿಯೇ ತೋಟಕ್ಕೆ ಬರುತ್ತಾರೆ ಎಂಬ ಸಲಹೆಯನ್ನೂ ನಾನು ಕಿವಿಯಾರೆ ಕೇಳಿದ್ದೇನೆ. ವೇದಿಕೆಯಲ್ಲಿದ್ದ ಜನಪ್ರತಿನಿಧಿಗಳಲ್ಲಿ ಯಾರೊಬ್ಬರೂ ಅದನ್ನು ಅಲ್ಲಗಳೆಯಲಿಲ್ಲ. ಆ ಮೌನವೇ ಈ ಪತ್ರಕ್ಕೆ ಕಾರಣ.

ಬರೆಯುತ್ತಿರುವವನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಸಕಲೇಶಪುರ ತಾಲ್ಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತನಾಗಿ ಸೇರಿ, ಕಾರ್ಯದರ್ಶಿಯಾಗಿ ನಿವೃತ್ತನಾದವನು ನಾನು. ಮೂರು ಎಕರೆ ರೊಬಸ್ಟಾ ತೋಟವಿದೆ. ಆದ್ದರಿಂದ ಜನವರಿಯಲ್ಲಿ ಆಳಿಗಾಗಿ ಮೇಸ್ತ್ರಿಯ ಮನೆ ಬಾಗಿಲಿಗೆ ಹೋಗಿ ನಿಲ್ಲುವ ಕಷ್ಟ ನನಗೂ ಗೊತ್ತು. ಯಾವ ಪಕ್ಷದ ಪರವಾಗಿಯೂ ಬರೆಯುತ್ತಿಲ್ಲ. ನೆರವು ಪಡೆಯುವವರಿಗೆ ಯಾವ ಹೊಣೆಯೂ ಬೇಡ ಎಂಬ ವಾದವೂ ನನ್ನದಲ್ಲ. ಹೊಣೆಯ ಪ್ರಶ್ನೆಯನ್ನು ಎತ್ತುವುದಾದರೆ ಅದನ್ನು ಎಲ್ಲರಿಗೂ ಕೇಳಬೇಕು. ಅದಕ್ಕಿಂತ ಮೊದಲು, ದುಡಿದು ಮೇಲೆ ಬರಲು ಹೊರಟವನಿಗೆ ಸರ್ಕಾರದ ನಿಯಮಗಳೇ ಅಡ್ಡ ನಿಂತಿರುವುದನ್ನು ನೀವು ಸರಿಪಡಿಸಬೇಕು ಎಂಬುದಷ್ಟೇ ನನ್ನ ಅಹವಾಲು.

ನಮ್ಮ ಸಂಘದ ಕಟ್ಟಡದಲ್ಲಿ ಎರಡು ಕಿಟಕಿಗಳಿದ್ದವು. ಒಂದರಲ್ಲಿ ಬೆಳೆಸಾಲ, ಇನ್ನೊಂದರಲ್ಲಿ ಪಡಿತರ. ಸಾಲದ ಕಿಟಕಿಗೆ ಬರುವವರಿಗೆ ಒಳಗೆ ಕುರ್ಚಿ ಹಾಕುತ್ತಿದ್ದೆವು, ಪಡಿತರದವರು ಹೊರಗೆ ಜಗಲಿಯ ಮೇಲೆ ಸಾಲು ನಿಲ್ಲುತ್ತಿದ್ದರು. ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿ ಮೂರು ಲಕ್ಷ ರೂಪಾಯಿ ಇದ್ದದ್ದು 2023ರಲ್ಲಿ ಐದು ಲಕ್ಷಕ್ಕೆ ಏರಿತು. ಹೊರಗಿನ ಬಡ್ಡಿ ಶೇಕಡ ಹತ್ತು ಎಂದು ಹಿಡಿದರೂ ಐದು ಲಕ್ಷಕ್ಕೆ ವರ್ಷಕ್ಕೆ ಐವತ್ತು ಸಾವಿರ ರೂಪಾಯಿ ಆಗುತ್ತದೆ. ಅಷ್ಟು ಹಣ ಆ ರೈತನಿಗೆ ಉಳಿಯುತ್ತದೆ, ಸಂಘದ ಸಾಲದ ಬಡ್ಡಿಯನ್ನು ಅವನ ಪರವಾಗಿ ಸರ್ಕಾರ ಭರಿಸುತ್ತದೆ. ಗೃಹಲಕ್ಷ್ಮಿಯ ಹಣ ವರ್ಷಕ್ಕೆ ಇಪ್ಪತ್ತನಾಲ್ಕು ಸಾವಿರ. ಸಾಲ ತೀರಿಸುವ ಗಡುವು ಬಂದಾಗ ಒಂದು ದಿನದ ಮಟ್ಟಿಗೆ ಯಾರಿಂದಲೋ ಕೈಗಡ ತಂದು ಕಟ್ಟಿ, ಮರುದಿನವೇ ಅದೇ ಸಾಲವನ್ನು ಹೊಸದಾಗಿ ಎತ್ತಿಕೊಂಡು ಹೋಗುವುದು ಸಹಕಾರ ಸಂಘಗಳಲ್ಲಿ ಕೆಲಸ ಮಾಡಿದವರಿಗೆಲ್ಲ ತಿಳಿದ ಸಂಗತಿ. ಹೀಗೆ ವರ್ಷಾನುಗಟ್ಟಲೆ ತಿರುಗುವ ಸಾಲವನ್ನು ಯಾರೂ ಪರಾವಲಂಬನೆ ಎಂದು ಕರೆದಿಲ್ಲ. ಆದರೆ ಸಾಲದ ಕಿಟಕಿಯಿಂದ ಹೊರಬಂದವರು ಜಗಲಿಯಲ್ಲಿ ನಿಂತ ಹೆಂಗಸರ ಕಡೆ ನೋಡಿ, "ಇವ್ರಿಗೆಲ್ಲ ಬಿಟ್ಟಿ ಕೊಟ್ಟೇ ದೇಶ ಹಾಳಾಗಿದ್ದು" ಎಂದು ಅವರಿಗೆ ಕೇಳಿಸುವಂತೆ ಹೇಳಿ ಜೀಪು ಹತ್ತಿದ್ದನ್ನು ನಾನು ನೋಡಿದ್ದೇನೆ.

ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್, 2017ರಲ್ಲೂ 2018ರಲ್ಲೂ ಬೆಳೆಸಾಲ ಮನ್ನಾ, ಮರುನಾಟಿಗೆ, ಕೆರೆ ತೋಡಿಸಲಿಕ್ಕೆ, ಯಂತ್ರ ಕೊಳ್ಳಲಿಕ್ಕೆ ಕಾಫಿ ಮಂಡಳಿಯ ಸಹಾಯಧನ, ಇವೆಲ್ಲವೂ ಸಾರ್ವಜನಿಕ ಹಣವೇ. ಭೂಸುಧಾರಣೆ ಬಂದು 1974ರಿಂದ ಗೇಣಿದಾರರಿಗೆ ಭೂಮಿ ಸಿಕ್ಕಾಗಲೂ ಕಾಫಿ, ಏಲಕ್ಕಿ, ಮೆಣಸಿನ ತೋಟಗಳಿಗೆ ಕಾಯ್ದೆಯ 104ನೇ ಕಲಂ ವಿನಾಯಿತಿ ಕೊಟ್ಟಿತು. ಹೀಗಾಗಿ ಬಯಲುಸೀಮೆಯ ಎಷ್ಟೋ ಉಳುವವರು ಹೊಲದ ಒಡೆಯರಾದರೂ ತೋಟದ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇದ್ದವರು ಲೈನಿನಲ್ಲೇ ಉಳಿದರು. ಈಚೆಗೆ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ಒತ್ತುವರಿ ಮಾಡಿಕೊಂಡ ಸರ್ಕಾರಿ ಜಮೀನಿನಲ್ಲಿ ತೋಟ ಮಾಡಿದವರಿಗೆ ಅದೇ ಜಮೀನನ್ನು 25 ಎಕರೆವರೆಗೆ 30 ವರ್ಷಗಳ ಗುತ್ತಿಗೆಗೆ ಕೊಡಲು ದಾರಿ ಮಾಡಲಾಯಿತು. ಇವೆಲ್ಲ ತಪ್ಪೆಂದು ನಾನು ಹೇಳುತ್ತಿಲ್ಲ. 2000ದಿಂದ ಮೂರು ನಾಲ್ಕು ವರ್ಷ ಕಾಫಿಯ ಬೆಲೆ ನೆಲಕಚ್ಚಿದಾಗ ನಮ್ಮಂಥವರ ಮನೆಗಳಲ್ಲಿ ಒಲೆ ಉರಿದದ್ದೇ ಸರ್ಕಾರ ಕೈಹಿಡಿದದ್ದರಿಂದ. ಬೆಳೆಗಾರ ಕಷ್ಟಕ್ಕೆ ಸಿಕ್ಕಿದ್ದಾನೆ, ಅವನಿಗೆ ಆಸರೆ ಬೇಕು ಎಂದು ಆಗ ಎಲ್ಲರೂ ಹೇಳಿದರೇ ಹೊರತು ಆಸರೆ ಸಿಕ್ಕರೆ ಅವನು ಕೆಲಸ ಬಿಟ್ಟು ಮಲಗುತ್ತಾನೆ ಎಂದು ಯಾರೂ ಹೇಳಲಿಲ್ಲ. ಅಷ್ಟೇ ನಂಬಿಕೆಯನ್ನು ಅವನ ತೋಟದಲ್ಲಿ ಹಣ್ಣು ಕುಯ್ಯುವವಳ ಮೇಲೂ ಇಡಿ ಎನ್ನುತ್ತಿದ್ದೇನೆ.

ಆಳು ಸಿಗದಿರುವುದಕ್ಕೂ ಅಕ್ಕಿಗೂ ಸಂಬಂಧವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಸಂಬಂಧ ಇದೆ. ಅದು ಏನೆಂಬುದನ್ನು ಮಾತ್ರ ಬಿಚ್ಚಿ ಹೇಳಬೇಕು. ಆರಿದ್ರೆ ಮಳೆ ಹಿಡಿದರೆ ಮಲೆನಾಡಿನಲ್ಲಿ ಕೂಲಿ ಕೆಲಸ ನಿಂತುಹೋಗುತ್ತದೆ. ವಾರಕ್ಕೆ ಎರಡು ದಿನ ಸಿಕ್ಕರೆ ಹೆಚ್ಚು. ಹಿಂದೆಲ್ಲ ಆ ಮೂರು ತಿಂಗಳ ಅಕ್ಕಿ ತೋಟದ ಒಡೆಯರ ದೊಡ್ಡಮನೆಯಿಂದ ಬರುತ್ತಿತ್ತು. ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಹೆಸರಿನ ಮುಂದೆ ಇಷ್ಟು ಸೇರು ಅಕ್ಕಿ, ಮಗುವಿನ ಜ್ವರಕ್ಕೆ ಇಷ್ಟು ರೂಪಾಯಿ ಎಂದು ಬರೆಸಿಕೊಂಡು ತರುವುದು, ಹಣ್ಣಿನ ಕಾಲ ಬಂದಾಗ ಪ್ರತಿ ಬಟವಾಡೆಯಲ್ಲೂ ಅದನ್ನು ಮುರಿಸಿಕೊಳ್ಳುತ್ತಾ ಹೋಗುವುದು ರೂಢಿಯಾಗಿತ್ತು. ಮುಂಗಡ ತೀರದೆ ಬೇರೆ ತೋಟಕ್ಕೆ ಹೋಗುವಂತಿರಲಿಲ್ಲ. ಪಕ್ಕದ ತೋಟದಲ್ಲಿ ಐದು ರೂಪಾಯಿ ಹೆಚ್ಚು ಕೊಟ್ಟರೂ ಹೋಗುವಂತಿರಲಿಲ್ಲ. ಜೀತ ಪದ್ಧತಿಯನ್ನು ರದ್ದುಮಾಡುವ ಕಾಯ್ದೆ 1976ರಲ್ಲೇ ಬಂದಿದ್ದರೂ ಮಳೆಗಾಲದ ಹಸಿವು ಕಟ್ಟಿಹಾಕುವುದನ್ನು ಆ ಕಾಯ್ದೆಯಿಂದ ಬಿಡಿಸಲಾಗಲಿಲ್ಲ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದ ಮೇಲೆ, ಅದೇ ವರ್ಷ ಆಹಾರ ಭದ್ರತೆಯ ಕಾಯ್ದೆಯೂ ಬಂದ ಮೇಲೆ, ಅಕ್ಕಿಯ ಡಬ್ಬ ಆಷಾಢದಲ್ಲೂ ಬರಿದಾಗುವುದು ತಪ್ಪಿತು. ರೈಟರ ಪುಸ್ತಕದ ಹಂಗೂ ಆ ಮಟ್ಟಿಗೆ ತಪ್ಪಿತು. ಈಗ ಹಣ್ಣು ಕುಯ್ಯುವವಳು ಕೂಲಿ ಎಷ್ಟು ಎಂದು ಕೇಳುತ್ತಾಳೆ, ಕರೆದೊಯ್ಯಲು ಪಿಕಪ್ ಬರುತ್ತದೆಯೇ ಎಂದು ಕೇಳುತ್ತಾಳೆ, ಕೊಡುವ ಕೂಲಿ ಗಿಟ್ಟದಿದ್ದರೆ ಬರುವುದಿಲ್ಲ ಎನ್ನುತ್ತಾಳೆ. ಇದನ್ನು ನಾವು ಸೋಮಾರಿತನ ಎಂದು ಕರೆಯುತ್ತಿದ್ದೇವೆ. ನಮಗೆ ಬೆಲೆ ಹಿಡಿಸದಿದ್ದಾಗ ಕಾಫಿ ಮೂಟೆಗಳನ್ನು ಗೋದಾಮಿನಲ್ಲಿಟ್ಟು ಕಾಯುವುದನ್ನು ಮಾತ್ರ ಜಾಣತನ ಎನ್ನುತ್ತೇವೆ.

ಅಲ್ಲದೆ, ಕೆಲಸ ಬಿಟ್ಟವರು ಎಂದು ನಾವು ದೂರುವವರು ಹೋದದ್ದಾದರೂ ಎಲ್ಲಿಗೆ? ನಮ್ಮ ಊರಿನ ಹುಡುಗಿಯರು ಹಾಸನದ ಗಾರ್ಮೆಂಟ್ಸಿಗೆ ಬೆಳಗಿನ ಬಸ್ಸು ಹಿಡಿಯುತ್ತಾರೆ, ಹುಡುಗರು ಬೆಂಗಳೂರಿನಲ್ಲಿ ಡೆಲಿವರಿ ಮಾಡುತ್ತಾರೆ, ಮಂಗಳೂರು ಕಡೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ, ಗಂಡಸರು ಶುಂಠಿ ಕೀಳುವ ಗುತ್ತಿಗೆ ಹಿಡಿಯುತ್ತಾರೆ, ಅಡಿಕೆ ಸುಲಿಯುತ್ತಾರೆ. ಹೆಚ್ಚು ಕೂಲಿ ಸಿಗುವ ಕಡೆಗೆ, ಮಳೆಯಲ್ಲಿ ನೆನೆಯದ ಕಡೆಗೆ ಹೋಗಿದ್ದಾರೆ. ಅನ್ನಭಾಗ್ಯ ಬರುವುದಕ್ಕೆ ಬಹಳ ಮೊದಲೇ ತೋಟಗಳಲ್ಲಿ ಆಳಿನ ಕೊರತೆಯ ಮಾತು ಇತ್ತೆಂಬುದನ್ನು ನನ್ನ ವಯಸ್ಸಿನ ಯಾವ ಬೆಳೆಗಾರನೂ ಇಲ್ಲವೆನ್ನಲಾರ. ಅಸ್ಸಾಮಿನಿಂದ ಬಂದವರು ಇಂದು ನಮ್ಮ ಲೈನುಗಳಲ್ಲಿ ತುಂಬಿಕೊಂಡಿರುವುದು ಆ ಕೊರತೆಯ ಮುಂದುವರಿಕೆ.

ಈ ಅನುಮಾನ ನಮ್ಮ ಜಿಲ್ಲೆಗಳದ್ದು ಮಾತ್ರವಲ್ಲ. ಬಡವನಿಗೆ ನೆರವು ಕೊಟ್ಟರೆ ಅವನು ದುಡಿಯುವುದಿಲ್ಲ ಎಂದು ಇಂಗ್ಲೆಂಡಿನವರು 1834ರಲ್ಲಿ ಕಾನೂನನ್ನೇ ಬದಲಿಸಿ, ನೆರವು ಬೇಕಾದವರು ಜೈಲಿನಂಥ ದುಡಿಮೆಮನೆಗಳಿಗೆ ಸೇರಬೇಕು ಎಂದರು. ಅಮೆರಿಕದವರು 1996ರಲ್ಲಿ ನಗದು ನೆರವಿಗೆ ಐದು ವರ್ಷದ ಮಿತಿ ಹಾಕಿದರು. ನಮ್ಮಲ್ಲಿ ಪ್ರಧಾನಮಂತ್ರಿಗಳು 2022ರ ಜುಲೈನಲ್ಲಿ 'ರೇವಡಿ' ಸಂಸ್ಕೃತಿಯ, ಅಂದರೆ ಮತಕ್ಕಾಗಿ ಬಿಟ್ಟಿ ಹಂಚುವುದರ, ವಿರುದ್ಧ ಎಚ್ಚರಿಸಿದರು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು, ನಗರಗಳ ವಸತಿಹೀನರ ಪ್ರಕರಣದ ವಿಚಾರಣೆಯ ನಡುವೆ, ನಾವು ಪರಾವಲಂಬಿಗಳ ಒಂದು ವರ್ಗವನ್ನೇ ಸೃಷ್ಟಿಸುತ್ತಿದ್ದೇವೆಯೇ ಎಂದು ಕೇಳಿತು. ಶಾಲೆಗಳಲ್ಲಿ ಬಿಸಿಯೂಟ ಕೊಡಲೇಬೇಕೆಂದು 2001ರ ನವೆಂಬರಿನಲ್ಲಿ ಆದೇಶಿಸಿದ್ದೂ ಇದೇ ನ್ಯಾಯಾಲಯ. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಅವರ ಸಹೋದ್ಯೋಗಿಗಳು ಆರು ಅಭಿವೃದ್ಧಿಶೀಲ ದೇಶಗಳ ಏಳು ನಗದು ನೆರವಿನ ಯೋಜನೆಗಳನ್ನು ಪರಿಶೀಲಿಸಿ, ನೆರವು ಪಡೆದವರು ದುಡಿಮೆ ಕಡಿಮೆ ಮಾಡಿದರೆಂಬುದಕ್ಕೆ ಆಧಾರ ಕಾಣಲಿಲ್ಲ ಎಂದು 2017ರಲ್ಲಿ ಪ್ರಕಟಿಸಿದರು. ಅಧ್ಯಯನದ ಮಾತು ಬಿಟ್ಟರೂ ಸರಿಯೆ, ಲೆಕ್ಕ ಹಾಕಿ ನೋಡಿ. ಎರಡು ಸಾವಿರವನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಅರವತ್ತಾರು ರೂಪಾಯಿ ಚಿಲ್ಲರೆ. ಮಕ್ಕಳ ಫೀಸು, ಗ್ಯಾಸು, ಸಂಘದ ವಾರದ ಕಂತು, ಸೊಪ್ಪುಸಾರಿನ ಬೇಳೆ ಇವನ್ನೆಲ್ಲ ಅದರಲ್ಲಿ ತೂಗಿಸಿ, ಉಳಿದ ದಿನವೆಲ್ಲ ಕಾಲು ಚಾಚಿ ಕೂರುವ ಸಂಸಾರ ಯಾವ ಊರಿನಲ್ಲಿದೆಯೋ ನನಗೆ ತಿಳಿಯದು.

ಆ ಅನುಮಾನ ಕಾನೂನಿನೊಳಕ್ಕೂ ಬಂದಾಗಿದೆ. 2005ರ ಉದ್ಯೋಗ ಖಾತರಿ ಕಾಯ್ದೆಯ ಜಾಗಕ್ಕೆ 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆಯಲ್ಲಿ ದಿನಗಳ ಸಂಖ್ಯೆ ನೂರರಿಂದ 125ಕ್ಕೆ ಏರಿದೆಯಾದರೂ, ಬಿತ್ತನೆ ಮತ್ತು ಕುಯ್ಲಿನ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಕೆಲಸ ನಿಲ್ಲಿಸುವುದಕ್ಕೆ ಜಾಗ ಮಾಡಿದ್ದಾರೆ. ರೈತನಿಗೆ ಆಳು ಸಿಗಲಿ ಎಂಬುದು ಇದರ ಉದ್ದೇಶ. ಕೂಲಿಯವಳಿಗೆ ಕೂಲಿ ಚೌಕಾಸಿ ಮಾಡುವ ಶಕ್ತಿ ಇರುವುದೇ ಕುಯ್ಲಿನ ಕಾಲದಲ್ಲಿ. ಆ ಕಾಲದಲ್ಲೇ ಅವಳ ಇನ್ನೊಂದು ದಾರಿಯನ್ನು ಮುಚ್ಚುವುದು ಯಾರ ಪರವಾದ ನ್ಯಾಯ? ಪಡಿತರ ನಿಲ್ಲಿಸಬೇಕೆನ್ನುವ ಸಲಹೆಯೂ ಇದೇ ದಾರಿಯದು.

ಇನ್ನು ಪಡೆಯುವವರ ಹೊಣೆಯ ಮಾತು. ಅಕ್ಕಿಯನ್ನು ಮಾರಿಕೊಳ್ಳುವವರಿದ್ದಾರೆ. ಪಡಿತರ ಬಿಡುಗಡೆಯಾದ ವಾರವೇ ದಲ್ಲಾಳಿಗಳು ಮನೆ ಬಾಗಿಲಿಗೆ ಬಂದು ಚೀಲಕ್ಕೆ ತುಂಬಿಸಿಕೊಂಡು ಹೋಗುವುದು ನಡೆಯುತ್ತದೆ. ಇದು ತಪ್ಪು, ಹಸಿದವನ ಹೆಸರಿನಲ್ಲಿ ಬಂದದ್ದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಹೆಂಡತಿಯ ಎರಡು ಸಾವಿರವನ್ನು ಕಿತ್ತುಕೊಂಡು ಕುಡಿಯುವ ಗಂಡಂದಿರಿದ್ದಾರೆ. ಅಂಥವರನ್ನು ಸಮರ್ಥಿಸುವುದು ನನ್ನಿಂದಾಗದು. ಆದರೆ ಇಲ್ಲೂ ಸರ್ಕಾರದ ಪಾಲಿನ ಹೊಣೆಯನ್ನು ಹೇಳದೆ ಬಿಡಲಾಗದು. 2025-26ರ ರಾಜ್ಯ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ ರೂಪಾಯಿ ಇಟ್ಟಿದ್ದರೆ, ಅದೇ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿ ವಸೂಲಿಯ ಗುರಿ ಹಾಕಿಕೊಂಡಿತ್ತು. ಹಳ್ಳಿಯ ಚಿಲ್ಲರೆ ಅಂಗಡಿಗಳಲ್ಲಿ ಲೈಸೆನ್ಸಿಲ್ಲದೆ ಮದ್ಯದ ಪ್ಯಾಕೆಟ್ಟು ಸಿಗುವುದು ಎಲ್ಲರಿಗೂ ಗೊತ್ತು. ಹೆಂಗಸರು ಗ್ರಾಮಸಭೆಗಳಲ್ಲಿ ಎದ್ದು ನಿಂತು ಅದನ್ನು ನಿಲ್ಲಿಸಿ ಎಂದು ಕೇಳಿಕೊಂಡಿದ್ದನ್ನು ನಾನೇ ಕಂಡಿದ್ದೇನೆ. ಆ ಅಂಗಡಿಗಳು ಇಂದಿಗೂ ತೆರೆದೇ ಇವೆ. ಕುಡಿಯಬೇಡ ಎಂದು ಹೇಳುವ ನೈತಿಕ ಬಲ ಬರಬೇಕಾದರೆ ಮೊದಲು ಆ ಅಂಗಡಿಗಳನ್ನು ಮುಚ್ಚಿಸಿ.

ಅನರ್ಹರ ಕಾರ್ಡುಗಳೂ ಇವೆ. ಕಾರು ಇಟ್ಟುಕೊಂಡವರ ಮನೆಯಲ್ಲಿ, ಹತ್ತು ಹದಿನೈದು ಎಕರೆ ತೋಟವನ್ನು ಮಕ್ಕಳ ಹೆಸರಿಗೆ ಹಂಚಿ ಕಾಗದದ ಮೇಲೆ ಬಡವರಾದವರ ಮನೆಯಲ್ಲಿ ಬಿಪಿಎಲ್ ಕಾರ್ಡು ಇರುವುದನ್ನು ನನ್ನ ಸೇವೆಯ ಉದ್ದಕ್ಕೂ ನೋಡಿದ್ದೇನೆ. ವೈಯಕ್ತಿಕ ಹೊಣೆಯ ಬಗ್ಗೆ ಗಟ್ಟಿಯಾಗಿ ಮಾತನಾಡುವವರು ಮೊದಲು ತಮ್ಮ ಮನೆಯ ಕಾರ್ಡನ್ನು ಆಹಾರ ಇಲಾಖೆಗೆ ಒಪ್ಪಿಸಿ ಬರಲಿ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಕಾರ್ಡಿನ ವಿಷಯವನ್ನೇ. ನಿವೃತ್ತಿಗೆ ಸ್ವಲ್ಪ ಮೊದಲು, ಪಡಿತರದ ದಿನ, ನಮ್ಮ ಹಳೆಯ ಗ್ರಾಹಕರಾದ ಒಬ್ಬ ಹೆಣ್ಣುಮಗಳು ತನ್ನ ಸರದಿ ಬಂದರೂ ಯಂತ್ರದ ಮೇಲೆ ಬೆರಳಿಡದೆ ನಿಂತರು. ಹಣ್ಣು ಕುಯ್ದು ಕುಯ್ದು ಅವರ ಬೆರಳಿನ ಗೆರೆಗಳು ಸವೆದುಹೋಗಿದ್ದವು. ಪ್ರತಿಸಲವೂ ಸೆರಗಿಗೆ ಒರೆಸಿ, ತಲೆಯ ಎಣ್ಣೆಗೆ ಉಜ್ಜಿ, ನಾಲ್ಕೈದು ಬಾರಿ ಒತ್ತಿದ ಮೇಲಷ್ಟೇ ಯಂತ್ರ ಒಪ್ಪುತ್ತಿತ್ತು. ಅದಕ್ಕೇ ಹಿಂಜರಿಯುತ್ತಿದ್ದಾರೆ ಎಂದುಕೊಂಡೆ. ಅವರು ಹಿಂದಿನವರಿಗೆ ಕೇಳಿಸದ ಹಾಗೆ, "ಸಾ, ಮಗಳಿಗೆ ಹಾಸನದಲ್ಲಿ ಗಾರ್ಮೆಂಟ್ಸ್ ಕೆಲ್ಸ ಸಿಕ್ಕೈತೆ, ಹನ್ನೆರಡು ಸಾವ್ರ ಸಂಬ್ಳ. ಕಳ್ಸಿದ್ರೆ ಕಾರ್ಡ್ ಕಿತ್ಕೊತಾರಾ?" ಎಂದು ಕೇಳಿದರು. ತಿಂಗಳಿಗೆ ಹನ್ನೆರಡು ಸಾವಿರವೆಂದರೆ ವರ್ಷಕ್ಕೆ 1.44 ಲಕ್ಷ. ಬಿಪಿಎಲ್ ಕಾರ್ಡಿನ ಆದಾಯ ಮಿತಿ 1.20 ಲಕ್ಷ. ನಿಯಮದ ಪ್ರಕಾರ ಹೋಗಬಹುದು ಎಂದೆ. "ಅಕ್ಕಿ ಹೋದ್ರೆ ಹೋಗ್ಲಿ ಸಾ, ದುಡ್ಕಂಡು ತಿಂತೀವಿ. ನಮ್ಮೆಜ್ಮಾನ್ರಿಗೆ ಎದೆಗೆ ಸ್ಟೆಂಟ್ ಹಾಕಿರೋದು ಅದೇ ಕಾರ್ಡಲ್ಲಿ. ನಾಳೆ ಇನ್ನೊಂದ್ ಸಲ ಏನಾರ ಆದ್ರೆ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಮಗಳನ್ನು ಕೆಲಸಕ್ಕೆ ಕಳಿಸಿ ಎಂದು ಹೇಳಬೇಕೋ, ಬೇಡ ಎನ್ನಬೇಕೋ ತಿಳಿಯಲಿಲ್ಲ.

ಮಾನ್ಯರೆ, ದಯವಿಟ್ಟು ಇದರ ಲೆಕ್ಕವನ್ನು ಗಮನಿಸಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಚಿಕಿತ್ಸೆಯ ನಿಗದಿತ ದರದ ಶೇಕಡ 30ರಷ್ಟು ಮಾತ್ರ, ಅದೂ ಒಂದೂವರೆ ಲಕ್ಷದವರೆಗೆ. ಆದಾಯ 1.20 ಲಕ್ಷದಿಂದ 1.25 ಲಕ್ಷಕ್ಕೆ ಏರಿದ ಕುಟುಂಬ ಐದು ಸಾವಿರ ರೂಪಾಯಿ ಗಳಿಸಿ, ತಿಂಗಳ ಅಕ್ಕಿಯನ್ನೂ ಐದು ಲಕ್ಷದ ಭದ್ರತೆಯನ್ನೂ ಒಂದೇ ಏಟಿಗೆ ಕಳೆದುಕೊಳ್ಳುತ್ತದೆ. ಏಣಿ ಹತ್ತುತ್ತಿರುವವನು ಒಂದು ಮೆಟ್ಟಿಲು ಮೇಲೆ ಕಾಲಿಟ್ಟ ಕೂಡಲೆ ಕೆಳಗಿನವರು ಏಣಿಯನ್ನೇ ಎಳೆದುಬಿಟ್ಟಂತೆ ಇದೆ ಈ ವ್ಯವಸ್ಥೆ. ಅಷ್ಟೇ ಅಲ್ಲ, ಗಂಡ ಹೆಂಡತಿ ಇಬ್ಬರೂ ದಿನಕ್ಕೆ 400 ರೂಪಾಯಿಯಂತೆ ವರ್ಷದಲ್ಲಿ 150 ದಿನ ದುಡಿದರೆ ಸಾಕು, 1.20 ಲಕ್ಷ ತುಂಬಿಹೋಗುತ್ತದೆ. ಅಂದರೆ ವರ್ಷದ ಅರ್ಧದಷ್ಟು ದಿನಗಳು ಕೆಲಸ ಮಾಡಿದ್ದೇವೆ ಎಂದು ನಿಜ ಹೇಳಿದ ದಂಪತಿ ಸರ್ಕಾರದ ಕಣ್ಣಿನಲ್ಲಿ ಬಡವರಲ್ಲ. ದುಡಿದು ನಿಜ ಹೇಳಿದರೆ ಕಾರ್ಡು ಹೋಗುತ್ತದೆ, ದುಡಿದು ಸುಳ್ಳು ಹೇಳಿದರೆ ಉಳಿಯುತ್ತದೆ. ತಹಶೀಲ್ದಾರರ ಕಚೇರಿಯಿಂದ ಬರುವ ಆದಾಯ ಪ್ರಮಾಣಪತ್ರಗಳಲ್ಲಿ ಇಡೀ ಊರಿಗೆ ಊರೇ ಹನ್ನೊಂದು ಸಾವಿರ, ಹದಿನೈದು ಸಾವಿರ, ಇಪ್ಪತ್ತು ಸಾವಿರ ರೂಪಾಯಿ ವಾರ್ಷಿಕ ಆದಾಯದಲ್ಲಿ ಬದುಕುತ್ತಿರುವುದು ಇದೇ ಕಾರಣಕ್ಕೆ. 2024ರ ನವೆಂಬರಿನಲ್ಲಿ ಕಾರ್ಡುಗಳ ಪರಿಷ್ಕರಣೆ ನಡೆದು, ರದ್ದಾದವರು ಕಂಗಾಲಾಗಿ ಕಚೇರಿಗಳಿಗೆ ಓಡಾಡಿ, ಗದ್ದಲವೆದ್ದು ಸರ್ಕಾರ ಹಿಂದೆ ಸರಿದದ್ದು ನಿಮಗೆ ನೆನಪಿದೆ. ಅಂದು ಚರ್ಚೆಯೆಲ್ಲ ಯಾರ ಕಾರ್ಡು ಹೋಯಿತು ಎಂಬುದರ ಸುತ್ತ ನಡೆಯಿತೇ ವಿನಾ, ಈ ಮಿತಿಯೇ ಜನರನ್ನು ಕಟ್ಟಿಹಾಕಿದೆ ಎಂಬುದನ್ನು ಯಾರೂ ಎತ್ತಲಿಲ್ಲ. ಪರಾವಲಂಬನೆ ಎಂಬುದು ನಿಜಕ್ಕೂ ಇದ್ದರೆ ಅದು ಇಲ್ಲಿ ಇದೆ. ಅದನ್ನು ಹುಟ್ಟಿಸಿದ್ದು ಅಕ್ಕಿಯ ಮೂಟೆಯಲ್ಲ.

ಯುವನಿಧಿಯನ್ನು ನಾನು ಐದು ಗ್ಯಾರಂಟಿಗಳಲ್ಲಿ ದುರ್ಬಲ ಯೋಜನೆ ಎಂದೇ ಎಣಿಸುತ್ತೇನೆ. ಪದವೀಧರನಿಗೆ ಎರಡು ವರ್ಷ ತಿಂಗಳಿಗೆ ಮೂರು ಸಾವಿರ ಕೊಟ್ಟು ಸುಮ್ಮನಾದರೆ ಸಾಲದು, ಕೆಲಸ ಕಲಿಸುವ ವ್ಯವಸ್ಥೆ ನಮ್ಮ ತಾಲ್ಲೂಕುಗಳಲ್ಲಿ ಅದಕ್ಕೆ ತಕ್ಕಂತೆ ಬೆಳೆದಿಲ್ಲ. ಅದನ್ನು ಟೀಕಿಸಿ, ನಾನೂ ಜೊತೆಗೂಡುತ್ತೇನೆ. ಆದರೆ ಬೆನ್ನು ಬಾಗಿದ ಮುದುಕಿಯ ಸಂಧ್ಯಾ ಸುರಕ್ಷೆಯ 1,200 ರೂಪಾಯಿಯನ್ನೂ ಅದೇ ತಕ್ಕಡಿಗೆ ಹಾಕಬೇಡಿ. ನಲವತ್ತು ವರ್ಷ ತೋಟದಲ್ಲಿ ದುಡಿದರೂ ಖಾಯಂ ಪಟ್ಟಿಯಲ್ಲಿ ಹೆಸರಿಲ್ಲದ ಕಾರಣ ಭವಿಷ್ಯನಿಧಿಯಿಲ್ಲ, ಗ್ರಾಚ್ಯುಟಿಯಿಲ್ಲ ಎನ್ನಿಸಿಕೊಂಡು ಮನೆಗೆ ಬಂದವಳು ಅವಳು. ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯದ ಕಾಲದಲ್ಲಿ ಸಾರ್ವಜನಿಕ ನೆರವಿನ ಹಕ್ಕನ್ನು ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ಒದಗಿಸಬೇಕೆಂದು ಸಂವಿಧಾನದ 41ನೇ ವಿಧಿ ಹೇಳುತ್ತದೆ. ನಮ್ಮ ನಾಡಿನವರೇ ಆದ ಶರಣರು ಕಾಯಕವನ್ನು ಹೇಳಿದ ಉಸಿರಿನಲ್ಲೇ ದಾಸೋಹವನ್ನೂ ಹೇಳಿದರು. ಮೊದಲನೆಯದನ್ನು ಮಾತ್ರ ಎತ್ತಿಕೊಂಡು ಕೂಲಿಯವರಿಗೆ ಬೋಧಿಸುವುದು ಶರಣರಿಗೆ ಮಾಡುವ ಗೌರವವಲ್ಲ.

ಕೂಲಿ ಕೊಡುವವರ ಹೊಣೆಯ ಬಗ್ಗೆ ನನ್ನ ಬೆಳೆಗಾರ ಬಂಧುಗಳಿಗೂ ಎರಡು ಮಾತು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಮನೆ, ಆಸ್ಪತ್ರೆ, ಕೂಸಿನಮನೆ, ಕುಡಿಯುವ ನೀರಿನ ಹೊಣೆಯನ್ನು ದೊಡ್ಡ ತೋಟಗಳ ಮೇಲೆ ಹಾಕಿತ್ತು. ಎಷ್ಟು ಲೈನುಗಳಲ್ಲಿ ಇಂದು ಬಾಗಿಲಿರುವ ಶೌಚಾಲಯವಿದೆ ಎಂಬುದನ್ನು ನೀವೇ ಹೋಗಿ ನೋಡಿ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಬೆಳಗಿನ ಮಬ್ಬಿನಲ್ಲಿ ಕೆಲಸಕ್ಕೆ ಹೊರಟವರು ಆನೆಗೆ ಸಿಕ್ಕಿ ಸತ್ತಿದ್ದಾರೆ. ಆನೆ ಎಲ್ಲಿದೆ ಎಂಬ ಸಂದೇಶ ಮೊಬೈಲಿಗೆ ಬಂದ ದಿನ ಒಬ್ಬ ತಾಯಿ ಕೆಲಸಕ್ಕೆ ಹೋಗದಿದ್ದರೆ ಅದಕ್ಕೆ ಕಾರಣ ಅನ್ನಭಾಗ್ಯವಲ್ಲ. ಬೆಳಕಾದ ಮೇಲೆ ಕೆಲಸ ಶುರುಮಾಡಿ, ವಾಹನ ಕಳಿಸಿ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿದ ತೋಟಗಳಿಗೆ ಆಳು ಹೇಗೋ ಸಿಗುತ್ತಿದ್ದಾರೆ. ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ಈಚಿನ ವರ್ಷಗಳಲ್ಲಿ ಇಷ್ಟನ್ನು ಮಾಡುವುದು ದೊಡ್ಡ ತೋಟಗಳಿಗೆ ಕಷ್ಟವಾಗಲಾರದು. ನನ್ನಂಥ ಮೂರು ಎಕರೆಯವನಿಗೆ ಕಷ್ಟ, ನಿಜ. ನಮಗೆ ಸಂಘದ ಮೂಲಕ ಒಟ್ಟಾಗಿ ವಾಹನ ಮಾಡಿಕೊಳ್ಳುವ ದಾರಿ ಇದೆ.

ಹೊಣೆ ಹೊತ್ತವರನ್ನು ನಾವು ಹೇಗೆ ನಡೆಸಿಕೊಂಡೆವು ಎಂಬುದಕ್ಕೆ ಕೊಪ್ಪದ ಸಹಕಾರ ಸಾರಿಗೆಯೇ ಸಾಕ್ಷಿ. ಖಾಸಗಿ ಬಸ್ ಕಂಪನಿಯೊಂದು ಮುಚ್ಚಿದಾಗ, ಕೆಲಸ ಕಳೆದುಕೊಂಡ ಚಾಲಕರು, ನಿರ್ವಾಹಕರು, ಮೆಕ್ಯಾನಿಕ್ಕುಗಳು ಯಾರ ಮುಂದೆಯೂ ಕೈಚಾಚದೆ 1991ರಲ್ಲಿ ತಾವೇ ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸಿದರು. ಮಲೆನಾಡಿನ ಮೂಲೆಮೂಲೆಯ ಹಳ್ಳಿಗಳಿಗೆ, ಲಾಭವಿಲ್ಲದ ದಾರಿಗಳಿಗೂ, ಸುಮಾರು ಮೂರು ದಶಕ ಓಡಿಸಿದರು. ನಷ್ಟ ತಾಳಲಾರದೆ 2020ರಲ್ಲಿ ನಿಲ್ಲಿಸಿದರು. ಸ್ವಂತ ಕಾಲಿನ ಮೇಲೆ ನಿಂತವರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಸೀಮೆಯಲ್ಲಿಲ್ಲ. ಅದನ್ನು ಉಳಿಸಿಕೊಳ್ಳಲು ನಮ್ಮಿಂದಾಗಲಿಲ್ಲ. ಮೂರು ವರ್ಷದ ನಂತರ ಶಕ್ತಿ ಯೋಜನೆ ಬಂದಾಗ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಸಿಕ್ಕಿತು. ಕೊಪ್ಪ, ಶೃಂಗೇರಿ ಕಡೆಯ ಎಷ್ಟೋ ಹಳ್ಳಿಗಳಿಗೆ ಸರ್ಕಾರಿ ಬಸ್ಸೇ ಬರುವುದಿಲ್ಲ. ಶಕ್ತಿ ಯೋಜನೆ ತಪ್ಪೆಂದು ಇದರ ಅರ್ಥವಲ್ಲ. ಅದು ತಲುಪಬೇಕಾದವರಿಗೆ ತಲುಪಲು ಬಸ್ಸು ಬೇಕು ಎಂದಷ್ಟೇ.

ಇನ್ನೊಂದು ಮಾತನ್ನು ಆಡಳಿತ ಪಕ್ಷದವರಿಗೆ ವಿಶೇಷವಾಗಿ ಹೇಳಬೇಕು. ಗೃಹಲಕ್ಷ್ಮಿಯ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ಬರುವುದಿಲ್ಲ, ಆಮೇಲೆ ಎರಡು ಕಂತು ಒಟ್ಟಿಗೆ ಬೀಳುತ್ತದೆ. ಇಂಥ ದಿನ ಬರುತ್ತದೆ ಎಂದು ಗೊತ್ತಿದ್ದರೆ ಮನೆಯೊಡತಿ ಅದನ್ನು ನಂಬಿ ಚೀಟಿ ಕಟ್ಟುತ್ತಾಳೆ, ಹೊಲಿಗೆ ಯಂತ್ರದ ಕಂತು ಕಟ್ಟುತ್ತಾಳೆ, ಎರಡು ಕುರಿ ತರುತ್ತಾಳೆ. ಯಾವಾಗ ಬರುತ್ತದೋ ತಿಳಿಯದ ಹಣವನ್ನು ನಂಬಿ ಯಾರೂ ಏನನ್ನೂ ಯೋಜಿಸಲಾರರು. ಬ್ಯಾಂಕಿನ ಬಾಗಿಲಿಗೆ ಅಲೆದು ಕೂಲಿಯ ದಿನ ಕಳೆದುಕೊಳ್ಳುವುದಷ್ಟೇ ಗಿಟ್ಟುತ್ತದೆ. ಪಡೆಯುವವರಿಂದ ಶಿಸ್ತನ್ನು ಬಯಸುವ ಸರ್ಕಾರ ತಾನು ಮೊದಲು ತಾರೀಖಿನ ಶಿಸ್ತನ್ನು ಪಾಲಿಸಬೇಕು. ಹಾಗೆಯೇ, ವೇದಿಕೆ ಹತ್ತಿದಾಗಲೆಲ್ಲ ನಾವು ಕೊಟ್ಟೆವು, ನಾವು ಕೊಟ್ಟೆವು ಎನ್ನುವುದನ್ನೂ ಬಿಡಿ. ಅದು ನಿಮ್ಮ ಮನೆಯ ಹಣವಲ್ಲ. ಬೆಂಕಿಪೊಟ್ಟಣ, ಸೋಪು, ಮೊಬೈಲ್ ರೀಚಾರ್ಜು ಕೊಳ್ಳುವಾಗಲೆಲ್ಲ ಅವಳೂ ತೆರಿಗೆ ಕಟ್ಟಿದ್ದಾಳೆ.

ಆದ್ದರಿಂದ ಎರಡೂ ಜಿಲ್ಲೆಗಳ ಶಾಸಕರಲ್ಲಿ, ಪಕ್ಷಭೇದವಿಲ್ಲದೆ, ನನ್ನ ಕೋರಿಕೆ ಇದು. ಕುಯ್ಲಿನ ಕಾಲದಲ್ಲಿ ಪಡಿತರ ನಿಲ್ಲಿಸಬೇಕೆಂಬ ಸಲಹೆಯನ್ನು ಮುಂದಿನ ಸಲ ನಿಮ್ಮ ಎದುರಿಗೆ ಯಾರಾದರೂ ಆಡಿದರೆ, ಅದು ಸಾಧ್ಯವಿಲ್ಲ, ಸರಿಯೂ ಅಲ್ಲ ಎಂದು ಅಲ್ಲೇ ಹೇಳಿ. ಮುಂದಿನ ಅಧಿವೇಶನದಲ್ಲಿ ಬಿಪಿಎಲ್ ಕಾರ್ಡಿನ 1.20 ಲಕ್ಷದ ಮಿತಿಯ ಪ್ರಶ್ನೆಯನ್ನು ಎತ್ತಿ. ಆ ಮಿತಿಯನ್ನು ಕೂಲಿಯ ಇಂದಿನ ದರಕ್ಕೆ ಹೊಂದಿಸಿ ವರ್ಷವರ್ಷವೂ ಪರಿಷ್ಕರಿಸುವಂತೆ ಕೇಳಿ. ಆದಾಯ ಮಿತಿ ದಾಟಿದ ಕುಟುಂಬದ ಅಕ್ಕಿಯನ್ನು ಬೇಕಾದರೆ ಹಂತಹಂತವಾಗಿ ಕಡಿಮೆ ಮಾಡಲಿ. ಆದರೆ ಐದು ಲಕ್ಷದ ಆರೋಗ್ಯ ಭದ್ರತೆಯನ್ನು ಕನಿಷ್ಠ ಮೂರು ವರ್ಷ ಮುಟ್ಟಬಾರದು, ಸಾಧ್ಯವಾದರೆ ಅದನ್ನು ಪಡಿತರ ಚೀಟಿಯಿಂದ ಪೂರ್ತಿ ಬಿಡಿಸಬೇಕು. ಅನರ್ಹರ ಪಟ್ಟಿಯನ್ನು ಕಚೇರಿಯಲ್ಲಿ ಕುಳಿತು ತಯಾರಿಸದೆ ಗ್ರಾಮಸಭೆಯಲ್ಲಿ ಓದಿ ಹೇಳಿಸಿ. ಯಾರ ಮನೆಯಲ್ಲಿ ಎಷ್ಟು ತೋಟವಿದೆ ಎಂಬುದು ಊರಿಗೆ ಗೊತ್ತಿರುತ್ತದೆ. ಹೊಸ ಉದ್ಯೋಗ ಕಾಯ್ದೆಯ ಅರವತ್ತು ದಿನಗಳ ವಿಷಯದಲ್ಲಿ ರಾಜ್ಯ ಏನು ಮಾಡಲಿದೆ, ಕಾಫಿ ಸೀಮೆಯ ಕೂಲಿಯವರ ಅಭಿಪ್ರಾಯವನ್ನು ಯಾರು ಕೇಳಿದರು ಎಂಬುದಕ್ಕೂ ಸದನದಲ್ಲಿ ಉತ್ತರ ಪಡೆಯಿರಿ.

ಕಾರ್ಡಿನ ಮಿತಿಯ ಕುರಿತು ನಿಮ್ಮಲ್ಲಿ ಯಾರು ಏನು ಕೇಳಿದಿರಿ, ಸಚಿವರು ಏನೆಂದರು ಎಂಬುದನ್ನು ಅಧಿವೇಶನ ಮುಗಿದ ಮೇಲೆ ನಿಮ್ಮ ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಸಭೆ ಕರೆದು ತಿಳಿಸಿ. ಬೆಳೆಗಾರರನ್ನು ಕರೆಯುವ ಸಭೆಗೇ ಲೈನಿನಲ್ಲಿರುವವರನ್ನೂ ಕರೆಯಿರಿ. ಸಭೆಯನ್ನು ಭಾನುವಾರ ಇಡಿ, ಬೇರೆ ದಿನ ಅವರು ಕೆಲಸಕ್ಕೆ ಹೋಗಿರುತ್ತಾರೆ.

ಇತಿ,
ಸಕಲೇಶಪುರ ತಾಲ್ಲೂಕಿನ ಒಬ್ಬ ನಿವೃತ್ತ ಸಹಕಾರ ಸಂಘದ ಕಾರ್ಯದರ್ಶಿ